ಕರಡಿ ತಲೆಯೊಳಗೆ ಬೇಯದಿರಲು

ಹೋದ ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ಬಳ್ಳಾರಿಯಲ್ಲಿ ಮೊಬೈಲ್ ಅಂಗಡಿ ತೆರೆದ. ಬಾಗಿಲಲ್ಲಿ ಕರಡಿ ನಿಂತು ಕೈಬೀಸಿದರೆ ಮಕ್ಕಳು ಬರುತ್ತಾರೆ, ಮಕ್ಕಳ ಹಿಂದೆ ಅಪ್ಪ ಅಮ್ಮ ಬರುತ್ತಾರೆ ಅನ್ನೋದು ಅವನ ಲೆಕ್ಕ. ಕರಡಿ ಆಗಿದ್ದು ನಾನು. ಬೆಳಗ್ಗೆ ಹನ್ನೊಂದಕ್ಕೆ ವೇಷದ ತಲೆ ಹಾಕಿಕೊಂಡೆ. ಕಾಲು ಗಂಟೆಗೆ ಕನ್ನಡಕದ ಮೇಲೆ ಹಬೆ ಕೂತಿತು. ಅರ್ಧ ಗಂಟೆಗೆ ಬೆವರು ಕಣ್ಣಿಗಿಳಿದು ಉರಿ ಶುರುವಾಯಿತು. ಒರೆಸಿಕೊಳ್ಳೋಣ ಅಂದರೆ ಕೈಗೆ ದಪ್ಪ ಪಂಜ, ಮುಖದ ಮೇಲೆ ಇನ್ನೊಂದು ಮುಖ. ಕೊನೆಗೆ ಮಗುವೊಂದು ಚಾಚಿದ ಕೈ ಕಾಣದೆ ಅಂಗಡಿಯ ಕಂಬಕ್ಕೆ ಶೇಕ್ ಹ್ಯಾಂಡ್ ಕೊಟ್ಟೆ.

ಆ ತಲೆಯನ್ನು ಮನೆಗೆ ತಂದು, ಕೊರೆದು, ಫ್ಯಾನ್ ಕೂರಿಸಿ, ಮತ್ತೆ ಮತ್ತೆ ಹಾಕಿಕೊಂಡು ನೋಡಿದ್ದೇನೆ. ಶಾಲೆಯ ಗ್ಯಾದರಿಂಗ್‌ಗೆ, ಬರ್ತ್‌ಡೇಗೆ, ಮೆರವಣಿಗೆಗೆ ಅಂತ ಫೋಮ್ ಶೀಟಿನ ಹೆಲ್ಮೆಟ್ಟೋ ರೋಬೋ ತಲೆಯೋ ಮಾಡುವವರಿಗೂ ಇದೇ ದಾರಿ.

ಕೂಲರ್ ನೆನಪಿರಲಿ

ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹತ್ತು ನಿಮಿಷ ತಂಪು, ಆಮೇಲೆ ಮೈಯೆಲ್ಲ ಅಂಟಂಟು. ‘ಎದುರಿನ ಕಿಟಕಿ ತೆಗೀರೋ’ ಅಂತ ಮನೆಯಲ್ಲಿ ಯಾರಾದರೂ ಕೂಗಲೇಬೇಕು. ಹೆಲ್ಮೆಟ್ಟಿನೊಳಗೆ ಆಗುವುದೂ ಅದೇ. ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬಿಸಿ, ಮೇಲೆ ತೇವ ಬೇರೆ. ಅದು ಹೊರಗೆ ಹೋಗದಿದ್ದರೆ ಒಳಗಿನ ಗಾಳಿ ಹಸಿಯಾಗಿ, ಬೆವರು ಆರುವುದೇ ಇಲ್ಲ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಅದೇ ಬೆವರು ಹನಿಹನಿಯಾಗಿ ತೊಟ್ಟಿಕ್ಕಿದರೆ ನೀರು ಹೋಯಿತು, ತಂಪು ಸಿಗಲಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟಿದರೂ ಒಣ ಬಿಸಿಲು. ಒಗೆದ ಬಟ್ಟೆ ನೋಡನೋಡುತ್ತ ಆರುತ್ತದೆ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ! ಈ ಒಣ ಗಾಳಿಯನ್ನು ತಲೆಯೊಳಗೆ ಹಾಯಿಸಿ, ಹಸಿ ಗಾಳಿಯನ್ನು ಹೊರಹಾಕಿದರೆ ಅರ್ಧ ಗೆದ್ದಂತೆ.

ಮೊದಲು ಜಾಗ, ಆಮೇಲೆ ತೂತು

ಫೋಮ್ ನೇರವಾಗಿ ನೆತ್ತಿಗೆ ಅಂಟಿಕೊಂಡಿದ್ದರೆ ಎಷ್ಟು ಫ್ಯಾನ್ ಹಾಕಿದರೂ ವ್ಯರ್ಥ. ಕಟ್ಟಡ ಕೆಲಸದವರು ಹಾಕುವ ಹೆಲ್ಮೆಟ್ ಒಳಗೆ ಪಟ್ಟಿಗಳ ಒಂದು ಜಾಲ ಇರುತ್ತದಲ್ವಾ, ಅದನ್ನು ಬಿಚ್ಚಿ ವೇಷದ ತಲೆಯೊಳಗೆ ಕೂರಿಸಿ. ನಿಮ್ಮ ತಲೆಗೂ ವೇಷದ ತಲೆಗೂ ನಡುವೆ ಎರಡು ಬೆರಳು ಜಾಗ ಸಿಗುತ್ತದೆ. ಭಾರವೂ ಸಮನಾಗಿ ಹಂಚಿಕೊಳ್ಳುತ್ತದೆ, ಕುಣಿದರೂ ತಲೆ ಅಲ್ಲಾಡಲ್ಲ.

ತೂತು ಎರಡು ಕಡೆ ಬೇಕು. ಗಾಳಿ ಬರಲು ಕೆಳಗೆ: ಬಾಯಿ, ಮೂಗಿನ ಹೊಳ್ಳೆ, ಗದ್ದದ ಅಡಿ. ಹೋಗಲು ಮೇಲೆ: ನೆತ್ತಿಯ ಹಿಂಭಾಗ ಅಥವಾ ಕಿವಿಯ ಹಿಂದೆ. ಬಿಸಿ ಗಾಳಿ ಮೇಲಕ್ಕೇ ಏರುವುದರಿಂದ ಅದರ ದಾರಿಯಲ್ಲೇ ಬಾಗಿಲು ಇಟ್ಟಂತಾಯಿತು. ಕಪ್ಪು ಸೊಳ್ಳೆ ಪರದೆಯ ತುಂಡು ಅಂಟಿಸಿದರೆ ತೂತು ಹೊರಗಿನವರಿಗೆ ಕಾಣುವುದಿಲ್ಲ. ಕುತ್ತಿಗೆಯ ಸುತ್ತ ತುಪ್ಪಟವನ್ನು ಬಿಗಿಯಾಗಿ ಹೊಲಿದಿದ್ದರೆ ಸ್ವಲ್ಪ ಸಡಿಲಿಸಿ.

ಫ್ಯಾನ್ ಯಾವ ಕಡೆ ಊದಬೇಕು?

ನಾನು ಎಡವಿದ್ದು ಇಲ್ಲೇ. ಎರಡು ಫ್ಯಾನ್ ತಂದು ಎರಡೂ ಮುಖಕ್ಕೆ ಊದುವಂತೆ ಇಟ್ಟೆ. ಕೂಲರ್ ಕತೆಯೇ ಆಯಿತು. ಬಂದ ಗಾಳಿಗೆ ಹೋಗಲು ಜಾಗವಿಲ್ಲದೆ ಅದೇ ಹಬೆ ಒಳಗೇ ಸುತ್ತಿತು, ಕಣ್ಣು ಮಾತ್ರ ಒಣಗಿತು.

ಒಂದೇ ಫ್ಯಾನ್ ಇದ್ದರೆ ಅದನ್ನು ಮೇಲಿನ ತೂತಿಗೆ ಹಾಕಿ, ಒಳಗಿನ ಗಾಳಿ ಹೊರಗೆ ಎಳೆಯಲಿ. ಅದು ಎಳೆದಷ್ಟೂ ಬಾಯಿಂದ, ಕುತ್ತಿಗೆಯಿಂದ ಹೊಸ ಗಾಳಿ ತಾನೇ ನುಗ್ಗುತ್ತದೆ. ಇನ್ನೊಂದು ಇದ್ದರೆ ಮೂತಿಯ ಹತ್ತಿರ, ಒಳಕ್ಕೆ ಊದುವಂತೆ, ಆದರೆ ಕಣ್ಣಿಗೆ ನೇರ ಬೀಳದ ಹಾಗೆ. 4 ಅಥವಾ 5 ಸೆಂಟಿಮೀಟರ್ ಅಗಲದ, 5 ವೋಲ್ಟಿನ ಫ್ಯಾನ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಕಂಪ್ಯೂಟರಿನ ಫ್ಯಾನ್ ಸಾಮಾನ್ಯವಾಗಿ 12 ವೋಲ್ಟಿನದು, ಪವರ್ ಬ್ಯಾಂಕಿಗೆ ಹಾಕಿದರೆ ಸೋಮಾರಿಯಂತೆ ತಿರುಗುತ್ತದೆ, ಕೆಲವು ತಿರುಗುವುದೇ ಇಲ್ಲ.

ಇಂಥ ಫ್ಯಾನಿನಲ್ಲಿ ಸಾಮಾನ್ಯವಾಗಿ ಸ್ಟಿಕ್ಕರ್ ಇರುವ ಕಡೆಯಿಂದ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ಊದುಬತ್ತಿ ಹಚ್ಚಿ. ತಲೆಯನ್ನು ಸ್ಟೂಲಿನ ಮೇಲಿಟ್ಟು, ಫ್ಯಾನ್ ಹಾಕಿ, ಕಿಡಿ ತುಪ್ಪಟಕ್ಕೆ ತಾಗದಷ್ಟು ದೂರದಲ್ಲಿ ಊದುಬತ್ತಿಯನ್ನು ಗದ್ದದ ಕೆಳಗೆ ಹಿಡಿಯಿರಿ. ಹೊಗೆ ಮೊದಲು ತಡಬಡಿಸುತ್ತದೆ, ಆಮೇಲೆ ನೂಲಿನಂತೆ ಒಳಗೆ ಎಳೆದುಕೊಂಡು ಹೋಗಿ ನೆತ್ತಿಯ ಹಿಂದೆ ಮೇಲೇಳಬೇಕು. ಕರಡಿಯ ಕಣ್ಣಿಂದ ಹೊಗೆ ಬಂತೋ, ಫ್ಯಾನ್ ತಿರುಗಿಸಿ ಹಾಕಿ.

ಫ್ಯಾನನ್ನು ಗಟ್ಟಿ ಹೊದಿಕೆಗೆ ನೇರ ತಾಗಿಸಿದರೆ ಕಿವಿಯ ಪಕ್ಕ ದುಂಬಿ ಕೂತಂತೆ ಗುಂಯ್ ಅನ್ನುತ್ತದೆ. ನಡುವೆ ಮೆತ್ತನೆ ಸ್ಪಂಜು ಇಡಿ. ಒಳಮುಖಕ್ಕೆ ಬಲೆ ಹಾಕಿ, ಇಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ.

ಪವರ್ ಬ್ಯಾಂಕ್ ತಲೆಯೊಳಗೆ ಬೇಡವೇ ಬೇಡ. ಭಾರ ಒಂದು, ಬ್ಯಾಟರಿ ಬಿಸಿಯಾಗುವ ಭಯ ಇನ್ನೊಂದು. ಸೊಂಟದ ಪೌಚಿನಲ್ಲಿಟ್ಟು ವೈರನ್ನು ಬೆನ್ನಿನಿಂದ ತನ್ನಿ. ಕುತ್ತಿಗೆಯ ಹತ್ತಿರ ಎಳೆದರೆ ಬಿಚ್ಚಿಕೊಳ್ಳುವ ಪಿನ್ ಇರಲಿ, ತಲೆ ತೆಗೆಯುವಾಗ ಪರದಾಡುವುದು ತಪ್ಪುತ್ತದೆ. ಇಂಥ ಎರಡು ಫ್ಯಾನ್ ಸೇರಿ ಸುಮಾರು 2 ವಾಟ್ ತಿನ್ನುತ್ತವೆ, 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಇಡೀ ದಿನ ಓಡುತ್ತವೆ. ಆದರೆ ಒಂದು ಕಿರಿಕಿರಿ ಇದೆ. ಕರೆಂಟ್ ಕಡಿಮೆ ಎಳೆದರೆ ಕೆಲವು ಪವರ್ ಬ್ಯಾಂಕ್ ‘ಫೋನ್ ಚಾರ್ಜ್ ಆಯ್ತು’ ಅಂದುಕೊಂಡು ತಾವೇ ಆಫ್ ಆಗುತ್ತವೆ. ಅರ್ಧ ಗಂಟೆ ಮನೆಯಲ್ಲೇ ಓಡಿಸಿ ನೋಡಿ.

ಕಣ್ಣು, ಹಣೆ, ಕುತ್ತಿಗೆ

ಕನ್ನಡಕಕ್ಕೂ ವೇಷದ ಕಣ್ಣಿನ ಪ್ಲಾಸ್ಟಿಕ್ಕಿಗೂ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಸವರಿ, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಹಬೆ ಬೇಗ ಕೂರಲ್ಲ. ಹಣೆಗೆ ಕಾಟನ್ ಪಟ್ಟಿ ಕಟ್ಟಿ. ಕುತ್ತಿಗೆಗೆ ಹಿಂಡಿದ ಒದ್ದೆ ಟವೆಲ್ ಹಾಕಿ, ಗಾಳಿಯಾಡುತ್ತಿದ್ದರೆ ಅದೇ ನಿಮ್ಮ ಚಿಕ್ಕ ಕೂಲರ್. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ ಇಡಿ. ವೇಷದ ಒಳಗೆ ಹಳೆಯ ಕಾಟನ್ ಬನಿಯನ್ನೇ ಇರಲಿ. ನಮ್ಮೂರು ಜೀನ್ಸಿಗೆ ಹೆಸರುವಾಸಿ ನಿಜ, ಕರಡಿಯೊಳಗೆ ಮಾತ್ರ ಜೀನ್ಸ್ ಬೇಡ.

ಎಷ್ಟು ಹೊತ್ತು?

ಹೊರಗೆ 40 ಡಿಗ್ರಿ ಇದ್ದಾಗ ಫ್ಯಾನ್ ಊದುವುದೂ ಬಿಸಿ ಗಾಳಿಯನ್ನೇ. ಮೈಯಲ್ಲಿ ಬೆವರಲು ನೀರಿದ್ದರೆ ಮಾತ್ರ ಅದು ತಂಪು. ಹಾಕುವ ಮುಂಚೆ, ತೆಗೆದಾಗಲೆಲ್ಲ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಇಲ್ಲವೇ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ತೆಗೆಯುತ್ತೇನೆ, ‘ಇನ್ನೂ ಒಂದು ಸೆಲ್ಫಿ ಅಣ್ಣಾ’ ಅಂದರೂ ಕೇಳುವುದಿಲ್ಲ. ಜೊತೆಗೆ ಒಬ್ಬರು ಇರಲೇಬೇಕು. ಒಳಗಿನಿಂದ ಕೂಗಿದರೆ ಯಾರಿಗೂ ಕೇಳಿಸದು, ಅದಕ್ಕೇ ಒಂದು ಸನ್ನೆ ಇಟ್ಟುಕೊಳ್ಳಿ. ನಮ್ಮದು ಎರಡು ಪಂಜ ನೆತ್ತಿಯ ಮೇಲೆ. ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬಂದ ಕೂಡಲೇ ವೇಷ ಕಳಚಿ, ನೆರಳಿಗೆ ಹೋಗಿ, ಮೈ ಒದ್ದೆ ಮಾಡಿ ಗಾಳಿ ಹಾಕಿಸಿಕೊಳ್ಳಿ. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಬೇಕು. ಮೈಗೆ ನೀರು ಹಾಕುತ್ತಲೇ ಇರಿ, ಬಾಯಿಗೆ ಹಾಕಬೇಡಿ.

ಸಾಧ್ಯವಾದರೆ ಕಾರ್ಯಕ್ರಮವನ್ನೇ ಸಂಜೆಗೆ ದೂಡಿ. ದರೋಜಿ ಕರಡಿಧಾಮದ ನಿಜವಾದ ಕರಡಿಗಳೇ ಮಧ್ಯಾಹ್ನ ಬಂಡೆಗಳ ಸಂದಿಯಲ್ಲಿದ್ದು, ಬಿಸಿಲು ಇಳಿದ ಮೇಲೆ ಹೊರಬರುತ್ತವೆ.

ಮುಗಿದ ಮೇಲೆ ತಲೆಯನ್ನು ಚೀಲಕ್ಕೆ ತುರುಕಬೇಡಿ, ಮರುದಿನ ವಾಸನೆಗೆ ನೀವೇ ಓಡುತ್ತೀರಿ. ನೆರಳಲ್ಲಿ ಟೇಬಲ್ ಫ್ಯಾನ್ ಮುಂದೆ ಕವುಚಿ ಇಡಿ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಬೇಡ. ನಾನು ಒಮ್ಮೆ ಬಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಗ್ಲೂ ಗನ್ನಿನ ಅಂಟು ಮೆತ್ತಗಾಗಿ, ಫ್ಯಾನ್ ಕರಡಿಯ ಬಾಯಿಂದ ನಾಲಿಗೆಯಂತೆ ಜೋತಾಡುತ್ತಿತ್ತು. ಈಗ ಫ್ಯಾನ್‌ಗಳನ್ನು ಸ್ಕ್ರೂ ಹಾಕಿಯೇ ಕೂರಿಸುತ್ತೇನೆ.