ರೀಸ್ಟಾರ್ಟ್ ಆಗುತ್ತಲೇ ಇದ್ದ ಮನೆ ಕಂಪ್ಯೂಟರ್: ಕಳ್ಳ ಸಿಕ್ಕಿದ್ದು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ

ಬೆಂಗಳೂರಿನಲ್ಲಿ ಮನೆ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆದರೆ ಎಲ್ಲರೂ ಮೊದಲು ಬೈಯುವುದು ಕರೆಂಟನ್ನು. ಆಮೇಲೆ ಯುಪಿಎಸ್ ಬ್ಯಾಟರಿ, ಆಮೇಲೆ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಡಬ್ಬಿ), ಕೊನೆಗೆ ರ‍್ಯಾಮ್. ನಮ್ಮ ಮನೆಯ ವಿಂಡೋಸ್ 10 ಡೆಸ್ಕ್‌ಟಾಪ್ ಈ ಆಟ ಶುರು ಮಾಡಿದಾಗಲೂ ಭಾವ ಹೇಳಿದ್ದು ಅದನ್ನೇ: "ಎಸ್.ಪಿ. ರೋಡಿಗೆ ಹೋಗಿ ಹೊಸ ಎಸ್‌ಎಂಪಿಎಸ್ ಹಾಕಿಸಿಕೊಂಡು ಬನ್ನಿ, ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ತೀರಾ?"

ಎಸ್.ಪಿ. ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ. ನಾನು ಹೋಗಲಿಲ್ಲ. ಮಗ ಗೇಮ್ ಆಡುವಾಗ, ಅಂದರೆ ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಸೇರಿ ಜಾಸ್ತಿ ಕರೆಂಟ್ ಎಳೆಯುವಾಗ, ಮಷಿನ್ ಗಂಟೆಗಟ್ಟಲೆ ಆರಾಮಾಗಿ ನಡೆಯುತ್ತಿತ್ತು. ಹೆಂಡತಿ ಆಫೀಸಿನ ನೆಟ್‌ವರ್ಕಿಗೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಆನ್ ಮಾಡಿ ವಿಡಿಯೊ ಮೀಟಿಂಗ್‌ಗೆ ಕೂತರೆ ಸಾಕು, ಮಧ್ಯದಲ್ಲೇ ಢಮಾರ್. ಎಸ್‌ಎಂಪಿಎಸ್ ಕೈಕೊಡುವುದಾದರೆ ಗೇಮ್ ಆಡುವಾಗಲೇ ಕೊಡಬೇಕಿತ್ತು, ಅಲ್ವಾ?

ಅನುಮಾನ ಬಂದರೆ ಸಾಲದು, ಮಷಿನ್ನನ್ನೇ ಕೇಳಬೇಕು. ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್ ಒತ್ತಿದರೆ 'ಕರ್ನಲ್-ಪವರ್ 41' ಅನ್ನುವ ಕೆಂಪು ಸಾಲುಗಳು ಸಿಗುತ್ತವೆ. ತುಂಬಾ ಜನ ಇದರಲ್ಲಿ 'ಪವರ್' ಅನ್ನೋ ಪದ ನೋಡಿಯೇ ಎಸ್‌ಎಂಪಿಎಸ್ ಬದಲಾಯಿಸಿಬಿಡುತ್ತಾರೆ. 41 ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಕಾರಣ ತಿಳಿಯಬೇಕಾದರೆ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ 'ಬಗ್‌ಚೆಕ್‌ಕೋಡ್' ನೋಡಬೇಕು. ಅಲ್ಲಿ 0 ಇದ್ದರೆ ಕರೆಂಟ್, ಎಸ್‌ಎಂಪಿಎಸ್, ಬಿಸಿ ಇವುಗಳನ್ನು ಮೊದಲು ನೋಡಿ. ಬೇರೆ ಸಂಖ್ಯೆ ಇದ್ದರೆ ವಿಂಡೋಸೇ ಕ್ರ್ಯಾಶ್ ಆಗಿ ರೀಸ್ಟಾರ್ಟ್ ಮಾಡಿಕೊಂಡಿದೆ ಅಂತ ಅರ್ಥ. ನಮ್ಮದರಲ್ಲಿ ಪ್ರತಿ ಸಲವೂ 209 ಇತ್ತು. ಈ ಸಂಖ್ಯೆ ದಶಮಾನದಲ್ಲಿರುತ್ತದೆ, ಹೆಕ್ಸ್‌ಗೆ (16ರ ಆಧಾರದ ಎಣಿಕೆಗೆ) ಬದಲಾಯಿಸಿದರೆ ಡಿ1. ಯಾವುದೋ ಡ್ರೈವರ್ (ವಿಂಡೋಸಿನ ಒಳಗೇ ಕೂತು ಕೆಲಸ ಮಾಡುವ ಸಣ್ಣ ಸಾಫ್ಟ್‌ವೇರ್) ತಾನು ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿ ಮುಟ್ಟಿದಾಗ ಬರುವ ಕೋಡ್ ಅದು. ಎಸ್.ಪಿ. ರೋಡಿನ ಖರ್ಚು ಅಲ್ಲಿಗೇ ಉಳಿಯಿತು.

ಆಮೇಲೆ ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಹೋಗಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆದೆ. ಇದನ್ನು ತೆಗೆದರೆ ಕ್ರ್ಯಾಶ್ ಆದಾಗ ನೀಲಿ ಪರದೆ ಹಾಗೇ ನಿಲ್ಲುತ್ತದೆ, ಮೊಬೈಲಲ್ಲಿ ಫೋಟೊ ತೆಗೆದುಕೊಳ್ಳಬಹುದು. ಕ್ರ್ಯಾಶ್ ಆದಾಗಲೆಲ್ಲ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೋಲ್ಡರ್‌ನಲ್ಲಿ ಒಂದು ಸಣ್ಣ ಫೈಲ್ ಕೂಡ ಬೀಳುತ್ತಿತ್ತು. ಬ್ಲೂಸ್ಕ್ರೀನ್‌ವ್ಯೂ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅವನ್ನು ತೆರೆದರೆ ಎನ್‌ಡಿಐಎಸ್ ಹೆಸರು ಬಂತು. ಅದು ವಿಂಡೋಸಿನದೇ ನೆಟ್‌ವರ್ಕ್ ಡ್ರೈವರ್. ಇಂಥ ಕಡೆ ವಿಂಡೋಸಿನ ಫೈಲ್ ಹೆಸರು ಕಂಡ ಕೂಡಲೇ ಅದೇ ಅಪರಾಧಿ ಅಂದುಕೊಂಡು ಇಡೀ ವಿಂಡೋಸ್ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಎಷ್ಟೋ ಸಲ ಅದು ಏಟು ತಿಂದವನ ಹೆಸರು, ಹೊಡೆದವನು ಬೇರೆ ಇರುತ್ತಾನೆ. ನನಗೆ ಸಿಕ್ಕ ಸುಳಿವು ನೆಟ್‌ವರ್ಕ್ ಕಡೆಗೆ ಬೆರಳು ತೋರಿಸಿತು, ಅಷ್ಟು ಸಾಕಿತ್ತು.

ಮುಂದಿನದು ಕ್ಲೀನ್ ಬೂಟ್, ಅಂದರೆ ಹೊರಗಿನ ಸಾಫ್ಟ್‌ವೇರ್‌ಗಳನ್ನು ನಿಲ್ಲಿಸಿ ವಿಂಡೋಸ್ ಶುರು ಮಾಡುವುದು. ವಿಂಡೋಸಿನ ಎಂಎಸ್‌ಕಾನ್ಫಿಗ್ ಟೂಲ್‌ನಲ್ಲಿ ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು) ಮರೆಮಾಡಿ, ವಿಪಿಎನ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ನಿಲ್ಲಿಸಿದೆ. ಆದರೂ ಮೀಟಿಂಗ್ ಮಧ್ಯೆ ಮತ್ತೆ ಬಿತ್ತು. ಇದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಕ್ಲೀನ್ ಬೂಟ್ ಮಾಡಿದರೆ ಎಲ್ಲ ನಿಂತಿತು ಅಂತ ತುಂಬಾ ಜನ ನಂಬಿದ್ದಾರೆ. ಆ ಪಟ್ಟಿಯಲ್ಲಿ ಬರುವುದು ಸರ್ವಿಸ್‌ಗಳು ಮಾತ್ರ. ವಿಂಡೋಸಿನ ತಿರುಳಾದ ಕರ್ನಲ್ ಒಳಗೆ ಕೂರುವ ಡ್ರೈವರ್‌ಗಳು ಅಲ್ಲಿ ಕಾಣುವುದಿಲ್ಲ, ಅವು ಎಂದಿನಂತೆ ಲೋಡ್ ಆಗುತ್ತವೆ. ಒಂದು ಆ್ಯಪ್ ಕೆಟ್ಟರೆ ಆ ಆ್ಯಪ್ ಮಾತ್ರ ಮುಚ್ಚುತ್ತದೆ, ಕರ್ನಲ್ ಡ್ರೈವರ್ ಕೆಟ್ಟರೆ ಇಡೀ ಮಷಿನ್ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ಬಿದ್ದು, ನಮ್ಮ ಏರ್‌ಪೋರ್ಟಿನಲ್ಲೂ ಚೆಕ್-ಇನ್ ಒದ್ದಾಡಿದ್ದು ನೆನಪಿದೆಯಲ್ಲ, ಅದೂ ಇದೇ ಜಾತಿಯ ತೊಂದರೆ.

ಹಾಗಾಗಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು ಈಥರ್‌ನೆಟ್ ಅಡಾಪ್ಟರ್‌ನ ಪ್ರಾಪರ್ಟೀಸ್ ನೋಡಿದೆ. ಅಲ್ಲೊಂದು ಪಟ್ಟಿ ಇರುತ್ತದೆ, ಪ್ರತಿ ಸಾಲಿಗೂ ಟಿಕ್. ಅದರಲ್ಲಿ ವಿಪಿಎನ್‌ನ ಫಿಲ್ಟರ್ (ನೆಟ್‌ವರ್ಕ್ ಡೇಟಾವನ್ನು ನಡುವೆ ನಿಂತು ನೋಡುವ ಡ್ರೈವರ್) ಇತ್ತು, ಸರಿ. ಪಕ್ಕದಲ್ಲೇ, ಲೈಸೆನ್ಸ್ ಮುಗಿದು ನಾವು ಯಾವತ್ತೋ ಅನ್‌ಇನ್‌ಸ್ಟಾಲ್ ಮಾಡಿದ್ದ ಆ್ಯಂಟಿವೈರಸ್ಸಿನ ಫಿಲ್ಟರ್ ಟಿಕ್ ಸಮೇತ ಕೂತಿತ್ತು! ಪ್ರೋಗ್ರಾಮ್ ಹೋಗಿತ್ತು, ಡ್ರೈವರ್ ಹೋಗಿರಲಿಲ್ಲ. ಹೊರಗೆ ಹೋಗುವ ಬರುವ ಪ್ರತಿ ಡೇಟಾ ಪ್ಯಾಕೆಟ್ಟೂ ಎರಡರ ಕೈಯನ್ನೂ ದಾಟಿ ಹೋಗಬೇಕಿತ್ತು.

ಹಳೇದರ ಟಿಕ್ ತೆಗೆದೆ. ಮೀಟಿಂಗ್‌ಗಳು ಸುಸೂತ್ರವಾಗಿ ನಡೆದವು. ಅಷ್ಟಕ್ಕೇ ಬಿಡದೆ ರಜಾ ದಿನ ಮತ್ತೆ ಟಿಕ್ ಹಾಕಿ, ವಿಪಿಎನ್ ಆನ್ ಮಾಡಿ, ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದೆ. ಬಿತ್ತು, ಅದೇ ಕೋಡ್. ಹೀಗೆ ಬೇಕಂತಲೇ ಬೀಳಿಸಿ ನೋಡದಿದ್ದರೆ ಸರಿಹೋದದ್ದು ನಮ್ಮ ಕೆಲಸದಿಂದಲೋ ಅದೃಷ್ಟದಿಂದಲೋ ಗೊತ್ತಾಗುವುದಿಲ್ಲ.

ಪೂರ್ತಿ ಕಿತ್ತುಹಾಕುವ ಮೊದಲು, ಏನಾದರೂ ಕೆಟ್ಟರೆ ಹಳೇ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಕೊಂಡೆ. ಆಮೇಲೆ ಆ ಕಂಪನಿಯದೇ ರಿಮೂವಲ್ ಟೂಲ್ ಇಳಿಸಿಕೊಂಡು, ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಅಗತ್ಯವಾದ ಡ್ರೈವರ್‌ಗಳು ಮಾತ್ರ ಲೋಡ್ ಆಗುವ ಸೇಫ್ ಮೋಡ್‌ನಲ್ಲಿ ಓಡಿಸಿದೆ. ಬಹಳಷ್ಟು ಆ್ಯಂಟಿವೈರಸ್ ಕಂಪನಿಗಳು ಇಂಥ ಟೂಲನ್ನು ಉಚಿತವಾಗಿ ಕೊಡುತ್ತವೆ, ಯಾರೂ ಹುಡುಕುವುದಿಲ್ಲ ಅಷ್ಟೆ. ಹೊಸ ಆ್ಯಂಟಿವೈರಸ್ ಹಾಕಿಲ್ಲ. ವಿಂಡೋಸಿನ ಡಿಫೆಂಡರ್ ಇದೆ, ನಮ್ಮ ಬಳಕೆಗೆ ಸಾಕು.

ನೀವೂ ಡ್ರೈವರ್ ತೆಗೆದರೆ ಶಟ್‌ಡೌನ್ ಮಾಡಿ ಆನ್ ಮಾಡಬೇಡಿ, ರೀಸ್ಟಾರ್ಟನ್ನೇ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ಲನ್ನು ಡಿಸ್ಕಿಗೆ ಬರೆದಿಟ್ಟುಕೊಂಡು ಮತ್ತೆ ಅದನ್ನೇ ಎಬ್ಬಿಸುತ್ತದೆ, ಡ್ರೈವರ್‌ಗಳು ಹೊಸದಾಗಿ ಲೋಡ್ ಆಗುವುದಿಲ್ಲ. ಮತ್ತೆ ಆ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ಕನ್ನು ನಾನು ವಾಪಸ್ ಹಾಕಿಲ್ಲ, ಹಾಕುವುದೂ ಇಲ್ಲ.