ಕೆಮಿಸ್ಟ್ರಿಯೋ ಬಯಾಲಜಿಯೋ: ನಾನು ತೀರ್ಮಾನಿಸಿದ ಬಗೆ

ಅಂತಿಮ ಪರೀಕ್ಷೆಗೆ ಉಳಿದ ವಿಷಯಗಳೆಲ್ಲ ಆಗಲೇ ನಿಗದಿಯಾಗಿದ್ದವು. ಕೊನೆಯ ಒಂದು ಜಾಗ ಖಾಲಿ ಇತ್ತು, ಅದಕ್ಕೆ ಕೆಮಿಸ್ಟ್ರಿ ಅಥವಾ ಬಯಾಲಜಿ. ಫಾರಂ ಕೊಡಲು ಒಂದು ತಿಂಗಳ ಗಡುವು. ನನಗೆ ಇಷ್ಟವಾದದ್ದು ಬಯಾಲಜಿ, ಅದರಲ್ಲಿ ಅನುಮಾನವೇ ಇರಲಿಲ್ಲ. ಪಾಠ ಮುಗಿದ ಮೇಲೂ ಆ ಪುಸ್ತಕ ಮುಚ್ಚಲು ಮನಸ್ಸಾಗುತ್ತಿರಲಿಲ್ಲ. ಕೆಮಿಸ್ಟ್ರಿ ಪುಸ್ತಕ ತೆರೆಯುತ್ತಿದ್ದದ್ದು ಹೋಂವರ್ಕ್ ಇದ್ದಾಗ ಮಾತ್ರ. ಆದರೂ ಕೊನೆಗೆ ನಾನು ಫಾರಂನಲ್ಲಿ ಬರೆದದ್ದು ಕೆಮಿಸ್ಟ್ರಿ. ಹೇಗೆ ಅಲ್ಲಿಗೆ ಬಂದೆ ಎನ್ನುವುದನ್ನು ಹೇಳುತ್ತೇನೆ, ಇದೇ ಗೊಂದಲದಲ್ಲಿರುವ ಯಾರಿಗಾದರೂ ಉಪಯೋಗವಾದೀತು.

ಮೊದಲು ಮಾಡಿದ ಕೆಲಸ ಮುಂದಿನ ದಾರಿ ನೋಡಿದ್ದು. ಆಮೇಲೆ ಸೇರಬೇಕೆಂದಿದ್ದ ಮೂರು ಕೋರ್ಸುಗಳ ಪ್ರವೇಶದ ನಿಯಮ ಓದಿದೆ. ಮೂರರಲ್ಲೂ ಎರಡು ವಿಷಯಗಳಲ್ಲಿ ಯಾವುದಿದ್ದರೂ ಸಾಕು ಎಂದಿತ್ತು. ಎಲ್ಲರಿಗೂ ಹೀಗಿರುವುದಿಲ್ಲ. ವೈದ್ಯಕೀಯ, ಫಾರ್ಮಸಿ ಎಂದು ಮನಸ್ಸಿನಲ್ಲಿದ್ದರೆ ಬಹಳಷ್ಟು ಕಡೆ ಕೆಮಿಸ್ಟ್ರಿ ಕಡ್ಡಾಯ, ಅಂಥವರಿಗೆ ಆಯ್ಕೆಯ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಇದನ್ನು ನೋಡದೆ ಬೇರೆ ಯಾವ ಲೆಕ್ಕಾಚಾರಕ್ಕೂ ಕೈ ಹಾಕಬೇಡಿ.

ಸೀನಿಯರ್‌ಗಳನ್ನು ಕೇಳಿದರೆ ಒಂದೇ ಉತ್ತರ: "ಬಯಾಲಜಿ ಅಂದರೆ ಬಾಯಿಪಾಠ, ಕೆಮಿಸ್ಟ್ರಿ ಅಂದರೆ ಲೆಕ್ಕ." ಈ ಮಾತನ್ನು ನಂಬಿ ಫಾರಂ ತುಂಬಿದವರನ್ನು ನಾನು ನೋಡಿದ್ದೇನೆ, ಅದಕ್ಕೇ ಈಗಲೂ ಈ ಮಾತು ಕೇಳಿದರೆ ಬೇಸರವಾಗುತ್ತದೆ. ಕೆಮಿಸ್ಟ್ರಿಯಲ್ಲಿ ನೆನಪಿಡಬೇಕಾದದ್ದು ರಾಶಿ ಇದೆ. ಜ್ವಾಲೆಯಲ್ಲಿ ಸೋಡಿಯಂ ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ, ಲಿಥಿಯಂ ಕಡುಗೆಂಪು. ಸಿಲ್ವರ್ ಕ್ಲೋರೈಡ್ ಬಿಳಿ ಒತ್ತರ (ದ್ರಾವಣದಲ್ಲಿ ಕರಗದೆ ಬೇರ್ಪಡುವ ಪುಡಿ), ಬ್ರೋಮೈಡ್ ಕೆನೆಬಣ್ಣ, ಅಯೋಡೈಡ್ ಹಳದಿ. ಇದರಲ್ಲಿ ಲೆಕ್ಕ ಎಲ್ಲಿದೆ? ಬಯಾಲಜಿಯಲ್ಲೋ, ತಳಿಶಾಸ್ತ್ರದ ಅನುಪಾತ ಬಂದ ಕೂಡಲೇ ಪೆನ್ನು ಹಿಡಿದು ಲೆಕ್ಕ ಹಾಕಲೇಬೇಕು. ಒಂದು ಜೀವಕೋಶದ ಚಿತ್ರ 50 ಮಿಲಿಮೀಟರ್ ಇದೆ, ನಿಜವಾದ ಅಳತೆ 25 ಮೈಕ್ರೋಮೀಟರ್, ಎಷ್ಟು ಪಟ್ಟು ಹಿಗ್ಗಿಸಿದೆ ಎಂಬ ಪ್ರಶ್ನೆಗೆ ನಾನು 2 ಎಂದು ಬರೆದಿದ್ದೆ. ಉತ್ತರ 2000. ಮಿಲಿಮೀಟರನ್ನು ಮೈಕ್ರೋಮೀಟರಿಗೆ ಬದಲಿಸುವುದನ್ನೇ ಮರೆತಿದ್ದೆ.

ಯಾರ ಮಾತೂ ಬೇಡ, ನಾನೇ ಬರೆದು ನೋಡುತ್ತೇನೆ ಎಂದು ಕೂತೆ. ಆವರೆಗೆ ಆಗಿದ್ದ ಪಾಠಗಳ ಮಟ್ಟಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಆರಿಸಿಕೊಂಡೆ, ಕೆಮಿಸ್ಟ್ರಿ ಮೂರು, ಬಯಾಲಜಿ ಮೂರು. ದಿನ ಬಿಟ್ಟು ದಿನ ಒಂದೊಂದು, ಪೂರ್ತಿ ಸಮಯ, ಪುಸ್ತಕ ಮುಟ್ಟದೆ. ಮಾದರಿ ಉತ್ತರ ಇಟ್ಟುಕೊಂಡು ನಾನೇ ತಿದ್ದಿದೆ. ತಿದ್ದುವಾಗ ನನ್ನ ಮೇಲೆ ಕರುಣೆ ತೋರಿಸಬಾರದು ಎಂದು ಒಂದೇ ನಿಯಮ. "ನಾನು ಹೇಳಬೇಕೆಂದಿದ್ದದ್ದು ಅದೇ" ಎನಿಸಿದ ಕಡೆಯಲ್ಲೆಲ್ಲ ಸೊನ್ನೆ ಹಾಕಿದೆ.

ಬಯಾಲಜಿಗೆ ಸರಾಸರಿ 71 ಬಂತು, ಕೆಮಿಸ್ಟ್ರಿಗೆ 58. ಅಂಕವನ್ನಷ್ಟೇ ನೋಡಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಗೊತ್ತೇ ಇಲ್ಲದೆ ಆದದ್ದೋ, ಗೊತ್ತಿದ್ದೂ ಆದದ್ದೋ, ಪ್ರಶ್ನೆ ಅರ್ಥವಾಗದೆ ಆದದ್ದೋ ಎಂದು ಪಕ್ಕದಲ್ಲಿ ಗುರುತು ಹಾಕುತ್ತಾ ಹೋದೆ. ಕಣ್ಣು ತೆರೆಸಿದ್ದು ಆ ನೋಟ್‌ಬುಕ್ಕು.

ಕೆಮಿಸ್ಟ್ರಿಯ ಒಂದು ಪ್ರಶ್ನೆ ಹೀಗಿತ್ತು. ಲೀಟರಿಗೆ 0.100 ಮೋಲ್ (ಕಣಗಳ ಎಣಿಕೆಗೆ ಕೆಮಿಸ್ಟ್ರಿಯಲ್ಲಿ ಬಳಸುವ ಮಾನ) ಇರುವ 25.0 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ತಟಸ್ಥಗೊಳಿಸಲು 20.0 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲ ಬೇಕಾಯಿತು. ಆಮ್ಲದ ಸಾಂದ್ರತೆ, ಅಂದರೆ ಲೀಟರಿಗೆ ಎಷ್ಟು ಮೋಲ್? ನಾನು ಬರೆದದ್ದು 0.125, ಸರಿಯುತ್ತರ 0.0625. ಕರಾರುವಾಕ್ಕಾಗಿ ಎರಡು ಪಟ್ಟು. ಸಲ್ಫ್ಯೂರಿಕ್ ಆಮ್ಲದ ಒಂದು ಅಣು ಎರಡು ಹೈಡ್ರೋಜನ್ ಅಯಾನು ಕೊಡುತ್ತದೆ, ಆದ್ದರಿಂದ ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಕ್ಷಾರ ಬೇಕು. ಸಮೀಕರಣವನ್ನು ಸರಿದೂಗಿಸಿ ಬರೆದಿದ್ದೆ, ಆದರೆ ಲೆಕ್ಕಕ್ಕೆ ಇಳಿದಾಗ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅನಿಲದ ಗಾತ್ರ ಕೇಳಿದ ಕಡೆ, ಒತ್ತರದ ತೂಕ ಕೇಳಿದ ಕಡೆ, ಯಾವ ರಾಸಾಯನಿಕ ಮೊದಲು ಮುಗಿಯುತ್ತದೆ ಎಂದು ಕೇಳಿದ ಕಡೆ ಹುಡುಕಿದೆ. ಎಲ್ಲ ಕಡೆ ಇದೇ ತಪ್ಪು. ಹೋದ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಬೇರಿನಿಂದ ಹೋಗಿದ್ದವು.

ಬಯಾಲಜಿಯ ತಪ್ಪುಗಳಿಗೆ ಇಂಥ ಒಂದು ಬೇರು ಸಿಗಲಿಲ್ಲ. ಬಿಸಿ ಹೆಚ್ಚಾದರೆ ಕಿಣ್ವ "ಸಾಯುತ್ತದೆ" ಎಂದು ಬರೆದಿದ್ದೆ. ಕಿಣ್ವ ಜೀವಿಯಲ್ಲ, ಪ್ರೋಟೀನು. ಅದರ ಆಕಾರ ಕೆಡುತ್ತದೆ, ಕ್ರಿಯೆ ನಡೆಯುವ ಜಾಗಕ್ಕೆ ಎದುರಿನ ಅಣು ಕೂರುವುದಿಲ್ಲ, ಅಷ್ಟನ್ನೂ ಹೇಳಬೇಕಿತ್ತು. ಆಸ್ಮಾಸಿಸ್, ಅಂದರೆ ಪೊರೆ ದಾಟಿ ನೀರು ಹರಿಯುವುದನ್ನು, ವಿವರಿಸುವಾಗ ಅರೆಪಾರಕ ಪೊರೆಯ ಮಾತೇ ಎತ್ತಿರಲಿಲ್ಲ. ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎನ್ನುವ ಅರ್ಥ ಬರುವಂತೆ ಒಂದು ವಾಕ್ಯ ಬರೆದಿದ್ದೆ. ಮೂರೂ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳೇ. ಓದುವ ಸುಖದಲ್ಲಿ ಗೊತ್ತಿದೆ ಎನಿಸುತ್ತಿತ್ತು, ಬರೆಯುವ ಹೊತ್ತಿಗೆ ಪದ ಸಡಿಲವಾಗುತ್ತಿತ್ತು. ಒಂದನ್ನು ತಿದ್ದಿಕೊಂಡರೆ ಇನ್ನೊಂದು ತಾನಾಗಿ ಸರಿಹೋಗುವಂತಿರಲಿಲ್ಲ.

ಮುಂದಿನ ಹತ್ತು ದಿನ ಮೋಲ್ ಅನುಪಾತದ ಲೆಕ್ಕಗಳನ್ನು ಬೆಳಿಗ್ಗೆ ಅರ್ಧ ಗಂಟೆ ಮಾಡಿದೆ, ಸಂಜೆ ಅಷ್ಟೇ ಹೊತ್ತು ಬಯಾಲಜಿ ಉತ್ತರಗಳನ್ನು ಬರೆದೆ. ನಾಲ್ಕನೆಯ ಪತ್ರಿಕೆಯಲ್ಲಿ ಕೆಮಿಸ್ಟ್ರಿ 69ಕ್ಕೆ ಏರಿತು, ಬಯಾಲಜಿ 72ರಲ್ಲೇ ನಿಂತಿತು. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ. ಅಂಕದ ಆಸರೆ ತಪ್ಪಿಹೋಯಿತು, ಇನ್ನು ನಾನೇ ಯೋಚಿಸಬೇಕಿತ್ತು.

ಆಗ ಹೊಳೆದ ಪ್ರಶ್ನೆ ಒಂದೇ. ಈ ಎರಡರಲ್ಲಿ ಯಾವುದನ್ನು ನಾನು ಶಾಲೆಯ ಹೊರಗೆ, ಯಾರ ಒತ್ತಾಯವೂ ಇಲ್ಲದೆ ಕಲಿಯುತ್ತೇನೆ? ಬಯಾಲಜಿಯನ್ನು ಹೇಗೂ ಓದುತ್ತೇನೆ, ಅದನ್ನು ಓದಬೇಡ ಎಂದು ತಡೆಯುವುದೇ ಕಷ್ಟ. ಕೆಮಿಸ್ಟ್ರಿ ಹಾಗಲ್ಲ. ಬ್ಯೂರೆಟ್ಟಿನ (ಅಳತೆಯ ಗೆರೆಗಳಿರುವ ಉದ್ದ ಗಾಜಿನ ಕೊಳವೆ) ನಲ್ಲಿಯನ್ನು ಹನಿ ಹನಿಯಾಗಿ ಬಿಡುವುದು, ಬಣ್ಣ ತಿರುಗುವ ಆ ಒಂದು ಹನಿಯಲ್ಲಿ ನಿಲ್ಲಿಸುವುದು, ಎರಡು ಅಳತೆ 0.10 ಮಿಲಿಲೀಟರಿನ ಒಳಗೆ ಹೊಂದುವವರೆಗೆ ಮತ್ತೆ ಮತ್ತೆ ಮಾಡುವುದು, ಇದಕ್ಕೆಲ್ಲ ಪ್ರಯೋಗಾಲಯ ಬೇಕು, ಪಕ್ಕದಲ್ಲಿ ನಿಂತು ತಪ್ಪು ತೋರಿಸುವ ಮೇಷ್ಟ್ರು ಬೇಕು, ತಲೆಯ ಮೇಲೆ ಪರೀಕ್ಷೆಯೂ ಬೇಕು. ಈಗ ಬಿಟ್ಟರೆ ಮತ್ತೆಂದೂ ಕಲಿಯುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಆ ರಾತ್ರಿಯೇ ಫಾರಂ ತುಂಬಿದೆ.

ನನ್ನ ಗೆಳತಿ ಇದೇ ಪ್ರಯೋಗ ಮಾಡಿ ಬಯಾಲಜಿ ತೆಗೆದುಕೊಂಡಳು. ಅವಳಿಗೆ ಮೋಲ್ ಲೆಕ್ಕ ನೀರು ಕುಡಿದಷ್ಟು ಸುಲಭ, ಆದರೆ ಉತ್ತರ ಬಂದ ಮೇಲೆ ಅದರ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಬೇಕೆನಿಸುತ್ತಿರಲಿಲ್ಲ. ಬೇರಿನ ತುದಿಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ವಿಭಜನೆಯ ಯಾವ ಹಂತದಲ್ಲಿ ಎಷ್ಟು ಕೋಶಗಳಿವೆ ಎಂದು ಎಣಿಸುತ್ತಾ ಅವಳು ಊಟದ ಬಿಡುವನ್ನೂ ಮರೆಯುತ್ತಿದ್ದಳು. ಅವಳಿಗೆ ಬೇಕಿದ್ದ ಪ್ರಯೋಗಾಲಯ ಅದು. ಅವಳ ತೀರ್ಮಾನವೂ ಸರಿಯೇ.

ನಾನು ಕಳೆದುಕೊಂಡದ್ದೂ ಇದೆ. ಆ ಎಣಿಕೆ ನನಗೆ ದಕ್ಕಲಿಲ್ಲ. ಮುಂದೆ ಬಯಾಲಜಿ ಓದಿದವರ ಜೊತೆ ಒಂದೇ ತರಗತಿಯಲ್ಲಿ ಕೂತಾಗ ಅವರಿಗೆ ಸಲೀಸಾಗಿದ್ದ ಪದಗಳಿಗೆ ನಾನು ತಡವರಿಸಿದೆ, ಆ ಅಂತರ ತುಂಬಿಕೊಳ್ಳಲು ಹಲವು ತಿಂಗಳು ಹಿಡಿಯಿತು.

ಕೆಮಿಸ್ಟ್ರಿಯಲ್ಲಿ ಸಮತೋಲನದ ಪಾಠ ಬಂದ ದಿನ ಮಾತ್ರ ಮರೆಯಲಾರೆ. ಎರಡೂ ದಿಕ್ಕಿಗೆ ನಡೆಯುವ ಕ್ರಿಯೆಯಲ್ಲಿ ಒಂದು ಬದಿಗೆ ಏನಾದರೂ ಹೆಚ್ಚು ಸುರಿದರೆ ಕ್ರಿಯೆ ಇನ್ನೊಂದು ಬದಿಗೆ ವಾಲುತ್ತದೆ ಎಂದು ಮೇಷ್ಟ್ರು ಬರೆಯುತ್ತಿದ್ದರು. ನನ್ನ ತಲೆಯಲ್ಲಿ ಓಡಿದ್ದು ರಕ್ತ. ಉಸಿರು ಬಿಗಿಹಿಡಿದರೆ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತದೆ, ಅದು ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಹೈಡ್ರೋಜನ್ ಅಯಾನು ಹೆಚ್ಚುತ್ತದೆ, 7.35ರಿಂದ 7.45ರ ನಡುವೆ ಇರಬೇಕಾದ ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ಹೆಚ್ಚಿದಷ್ಟೂ ಕಡಿಮೆ) ಇಳಿಯತೊಡಗುತ್ತದೆ, ಮೆದುಳು ಉಸಿರೆಳೆ ಎಂದು ಒತ್ತಾಯಿಸುತ್ತದೆ. ಬಯಾಲಜಿ ಪುಸ್ತಕದಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ. ಹಾಗೇಕೆ ಆಗಲೇಬೇಕು ಎಂದು ಅರ್ಥವಾದದ್ದು ಅವತ್ತು. ಬೆಂಚಿನ ಕೆಳಗೆ ಉಸಿರು ಬಿಗಿಹಿಡಿದು ನೋಡಿದ್ದೂ ನೆನಪಿದೆ.

ಕೊನೆಯ ಪರೀಕ್ಷೆ ಮುಗಿದ ಮರುದಿನ ಬಯಾಲಜಿ ಪುಸ್ತಕ ತೆಗೆದೆ, ಮೂತ್ರಪಿಂಡದ ಅಧ್ಯಾಯದಲ್ಲಿ ಗುರುತಿಗೆಂದು ಇಟ್ಟಿದ್ದ ಕಾಗದ ಹಾಗೇ ಇತ್ತು. ಅಲ್ಲಿಂದಲೇ ಓದಲು ಶುರು ಮಾಡಿದೆ.