ಸಾಲ ಯಾರ ತಲೆಗೆ? ರಾಜಿ ಪತ್ರಕ್ಕೆ ಸಹಿ ಹಾಕುವ ಮುಂಚೆ ನೋಡಬೇಕಾದ್ದು

ಇಬ್ಬರೂ ಒಪ್ಪಿ ತೆಗೆದುಕೊಳ್ಳುವ ಡೈವೋರ್ಸ್ ಕೆಡುವುದು ಹೆಚ್ಚಾಗಿ ಟೈಪ್ ಮಾಡುವವರ ಮೇಜಿನ ಹತ್ತಿರ. ತುಮಕೂರು ಕೋರ್ಟ್ ಆವರಣದಲ್ಲಿ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಕೂತು ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮಾತುಕತೆ ಮುಗಿದಿರುತ್ತದೆ, ಎಲ್ಲ ಓದಿ ಒಪ್ಪಿಯೂ ಆಗಿರುತ್ತದೆ. ಕೊನೇ ಗಳಿಗೆಯಲ್ಲಿ ಮಾವನೋ ಅಣ್ಣನೋ ಬಂದು "ಒಂದು ಸಣ್ಣ ತಿದ್ದುಪಡಿ ಇದೆ" ಅನ್ನುತ್ತಾರೆ. ರಾಜಿ ಪತ್ರದ ಒಂದು ಹಾಳೆ ತೆಗೆದು ಇನ್ನೊಂದು ಸೇರಿಸುತ್ತಾರೆ, ಇಲ್ಲವೇ ಪೆನ್ನಲ್ಲೇ ತಿದ್ದುತ್ತಾರೆ. ಪಕ್ಕದಲ್ಲಿ ಯಾರ ಸಹಿಯೂ ಇರುವುದಿಲ್ಲ. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ ಆಗಿ ಎಲ್ಲರೂ ಅವರವರ ಊರು ಸೇರಿದ ಮೇಲೆ ಬ್ಯಾಂಕಿನ ನೋಟಿಸ್ ಬರುತ್ತದೆ. ಅಷ್ಟೊತ್ತಿಗೆ ಆ ಸಾಲನ್ನು ತಿದ್ದಿದವರು ಯಾರು ಅಂತ ಹೇಳುವವರೇ ಸಿಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ನಡೆಯುವ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಬಗ್ಗೆ. ಅದರಲ್ಲೂ ಮನೆ, ಸೈಟು, ತೋಟದ ಮೇಲೆ ಸಾಲ ಇದ್ದವರಿಗೆ.

ಹಂತ 1: ಬಾಂಡ್ ಪೇಪರ್ ಡೈವೋರ್ಸ್ ಬಿಟ್ಟುಬಿಡಿ

ಊರ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಸೀಲು ಹಾಕಿಸಿದರೆ ಮದುವೆ ರದ್ದಾಗುವುದಿಲ್ಲ. ಕೋರ್ಟಿನ ಡಿಕ್ರಿಯೇ ಬೇಕು. ಕುಲದ ರೂಢಿಯಲ್ಲಿ ವಿಚ್ಛೇದನ ಇದೆ ಅನ್ನುವವರೂ ಆ ರೂಢಿಯನ್ನು ಸಾಬೀತು ಮಾಡಬೇಕಾಗುತ್ತದೆ.

ಹಂತ 2: ಆಸ್ತಿಯ ಕಾಗದ ತೆಗೆಸಿ

ರಾಜಿ ಪತ್ರ ಬರೆಯುವುದಕ್ಕೆ ಮುಂಚೆಯೇ ಈ ಕೆಲಸ ಆಗಬೇಕು. ಹೆಚ್ಚಿನವರು ಆಮೇಲೆ ಮಾಡುತ್ತಾರೆ, ಅದೇ ತಪ್ಪು.

ಕಾವೇರಿ 2.0 ಜಾಲತಾಣದಲ್ಲಿ ಇಸಿಗೆ, ಅಂದರೆ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಹಳೇ ವರ್ಷಗಳದ್ದು ಅಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ. ನಾನಂತೂ 30 ವರ್ಷದ್ದಕ್ಕಿಂತ ಕಡಿಮೆ ತೆಗೆಸಬೇಡಿ ಅನ್ನುತ್ತೇನೆ. ಇಸಿ ಖಾಲಿ ಬಂತು ಅಂತ ನಿರಾಳ ಆಗಬೇಡಿ. ಅದರಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ. ಕೈಸಾಲಕ್ಕೆ ಕೊಟ್ಟ ಪತ್ರ, ಕಂದಾಯದ ಬಾಕಿ ಇವೆಲ್ಲ ಅದರಲ್ಲಿ ಬರುವುದಿಲ್ಲ.

ತೋಟ, ಹೊಲ ಇದ್ದರೆ ಪಹಣಿ ನೋಡಿ. ಗುಬ್ಬಿ, ತಿಪಟೂರು ಕಡೆ ತೆಂಗಿನ ತೋಟದ ಮೇಲೆ ಬೆಳೆ ಸಾಲ ಇರುವುದು ಮಾಮೂಲು. ಅದು ಪಹಣಿಯ 11ನೇ ಕಾಲಂನಲ್ಲಿ, ಹಕ್ಕು ಮತ್ತು ಋಣದ ಕೆಳಗೆ ಇರುತ್ತದೆ. ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ಬಲಗಡೆಯ ಸಣ್ಣ ಅಕ್ಷರವನ್ನೂ ಓದಿ.

ಇಷ್ಟಾದ ಮೇಲೆ ಒಂದು ನೇರ ಪ್ರಶ್ನೆ ಕೇಳಿ: ಅಸಲು ಕ್ರಯಪತ್ರ ಎಲ್ಲಿದೆ? ಮನೆಯಲ್ಲಿ ಬರೀ ಜೆರಾಕ್ಸ್ ಇದ್ದರೆ, ಅಸಲು ಯಾರ ಹತ್ತಿರವೋ ಅಡವಾಗಿದೆ ಅಂತಲೇ ತಿಳಿಯಿರಿ. ಪತ್ರವನ್ನು ಬ್ಯಾಂಕಿಗೆ ಒಪ್ಪಿಸಿದರೂ ಕಾನೂನಿನಲ್ಲಿ ಅದು ಅಡಮಾನವೇ.

ಹಂತ 3: ಸಾಲದ ಬಗ್ಗೆ ಏನು ಬರೆಸಬೇಕು

ಬ್ಯಾಂಕ್ ನಿಮ್ಮ ಕೇಸಿನಲ್ಲಿ ಪಕ್ಷಗಾರ ಅಲ್ಲ. "ಸಾಲ ಗಂಡನೇ ಕಟ್ಟಬೇಕು" ಅಂತ ಡಿಕ್ರಿಯಲ್ಲಿ ಇದ್ದರೂ, ಸಾಲದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಬ್ಯಾಂಕ್ ಇಬ್ಬರನ್ನೂ ಕೇಳುತ್ತದೆ. ಹೆಂಡತಿಯ ಹೆಸರನ್ನು ಸಾಲದಿಂದ ಬಿಡುತ್ತೇವೆ ಅಂತ ಬ್ಯಾಂಕೇ ಬರೆದು ಕೊಡಬೇಕು. ಆ ಪತ್ರ ಕೈಗೆ ಬರುವ ತನಕ ಎರಡನೇ ಸಲ ಕೋರ್ಟಿನ ಮುಂದೆ ಒಪ್ಪಿಗೆ ಹೇಳಬೇಡಿ ಅಂತ ನನ್ನ ಖಡಾಖಂಡಿತ ಸಲಹೆ. ಮೊದಲ ಅರ್ಜಿಗೂ ಈ ಎರಡನೇ ಸಲದ ಒಪ್ಪಿಗೆಗೂ ನಡುವೆ ಕಾನೂನು ಆರು ತಿಂಗಳು ಇಟ್ಟಿರುವುದು ಇಂಥದ್ದಕ್ಕೆ ಚೆನ್ನಾಗಿ ಒದಗುತ್ತದೆ. ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ನಿಜ. ಸಾಲ ಇದ್ದವರು ಮಾತ್ರ ಅವಸರ ಮಾಡಬಾರದು.

ಸಾಲದ ಖಾತೆ ಸಂಖ್ಯೆ, ಇವತ್ತಿಗೆ ಬಾಕಿ ಎಷ್ಟು, ಯಾರು ಕಟ್ಟಬೇಕು, ಯಾವ ತಾರೀಖಿನೊಳಗೆ, ಕಟ್ಟದಿದ್ದರೆ ಏನು. ಈ ಐದೂ ಪತ್ರದಲ್ಲಿ ಇರಲೇಬೇಕು. ಜೀವನಾಂಶದ ಹಣಕ್ಕೆ ಯಾವುದಾದರೂ ಆಸ್ತಿಯ ಮೇಲೆ ಹೊಣೆ (ಹಣ ಬರದಿದ್ದರೆ ಆ ಆಸ್ತಿಯಿಂದಲೇ ವಸೂಲು ಮಾಡುವ ಹಕ್ಕು) ಹಾಕಿಸುತ್ತಿದ್ದರೆ ಆ ಆಸ್ತಿಯ ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಬರೆಸಿ, ಅದನ್ನು ನೋಂದಣಿ ಮಾಡಿಸಿ. ಯಾಕೆಂದರೆ ಈ ಹೊಣೆಯ ವಿಷಯ ಗೊತ್ತಿಲ್ಲದೆ ದುಡ್ಡು ಕೊಟ್ಟು ಆಸ್ತಿ ಕೊಂಡವರ ಮೇಲೆ ಅದನ್ನು ಹೇರಲು ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಂ ಬಿಡುವುದಿಲ್ಲ. ಇಸಿಯಲ್ಲಿ ಕಂಡರೆ "ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ.

ಹಂತ 4: ತಿದ್ದುಪಡಿ

ಇಲ್ಲಿ ನಿಧಾನವಾಗಿ ಓದಿ, ಎಲ್ಲರೂ ಎಡವುವ ಜಾಗ ಇದು.

13ಬಿ ಅರ್ಜಿಯಲ್ಲಿ ವಾದಿ, ಪ್ರತಿವಾದಿ ಅಂತ ಇರುವುದಿಲ್ಲ. ಇಬ್ಬರೂ ಅರ್ಜಿದಾರರೇ. ಒಬ್ಬರು 1ನೇ ಅರ್ಜಿದಾರರು, ಇನ್ನೊಬ್ಬರು 2ನೇ ಅರ್ಜಿದಾರರು. "1ನೇ ಅರ್ಜಿದಾರರು ಗೃಹಸಾಲದ ಬಾಕಿಯನ್ನು ತೀರಿಸತಕ್ಕದ್ದು" ಅನ್ನುವ ಸಾಲಿನಲ್ಲಿ 1 ಹೋಗಿ 2 ಬಂದರೆ ಇಡೀ ಸಾಲ ಇನ್ನೊಬ್ಬರ ತಲೆಗೆ ಬಂತು. ಷೆಡ್ಯೂಲಿನಲ್ಲಿ, ಅಂದರೆ ಆಸ್ತಿ ವಿವರದ ಪಟ್ಟಿಯಲ್ಲಿ "ಋಣಭಾರ ರಹಿತ" ಅಂತ ಇದ್ದದ್ದು "ಋಣಭಾರ ಸಹಿತ" ಆದರೂ ಅಷ್ಟೇ. ಒಂದೇ ಅಕ್ಷರ, ಓದುವಾಗ ಕಣ್ಣು ಜಾರಿಹೋಗುತ್ತದೆ. ಅದಕ್ಕೇ ಹಣ, ಸಾಲ ಬರುವ ಕಡೆಯೆಲ್ಲ ಅರ್ಜಿದಾರರ ನಂಬರಿನ ಜೊತೆ ಹೆಸರನ್ನೂ ಬರೆಸಿ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ.

ಸಹಿಗೆ ಮುಂಚೆ ತಿದ್ದಬೇಕಾಗಿ ಬಂದರೆ ಆ ಪುಟವನ್ನು ಹೊಸದಾಗಿ ಟೈಪ್ ಮಾಡಿಸುವುದೇ ಒಳ್ಳೆಯದು. ಒಂದು ಹಾಳೆ ಉಳಿಸಲು ಹೋಗಬೇಡಿ. ಹೊಸ ಪುಟ ಬಂದಾಗ ಮುಂದಿನ ಪುಟವನ್ನೂ ಓದಿ, ಸಾಲುಗಳು ಕೆಳಗೆ ಜರುಗುವಾಗ ಒಂದು ಷರತ್ತು ಮಾಯ ಆಗಿರುವುದುಂಟು. ಓದುವ ರೀತಿ ಹೀಗಿರಲಿ: ಹಳೇ ಕರಡನ್ನು ನೀವು ಕೈಯಲ್ಲಿ ಹಿಡಿಯಿರಿ, ಹೊಸದನ್ನು ಜೊತೆಯವರು ಗಟ್ಟಿಯಾಗಿ ಓದಲಿ, ನೀವು ಸಾಲು ಸಾಲಿಗೂ ಬೆರಳಿಟ್ಟು ಹೋಗಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಓದಿ ಒಪ್ಪಿದ್ದೇನೆ ಅನ್ನುವುದು ಸಾಲದು. ಫೋನಿನಲ್ಲಿ "ಫೈನಲ್" ಅಂತ ಮೂರು ಪ್ರತಿ ಇರುತ್ತವೆ, ಕೋರ್ಟಿಗೆ ಹೋಗುವುದು ಕೈಯಲ್ಲಿರುವ ಕಾಗದ.

ಪೆನ್ನಲ್ಲೇ ತಿದ್ದುವ ಪರಿಸ್ಥಿತಿ ಬಂದರೆ ತಪ್ಪಾದ ಪದದ ಮೇಲೆ ಒಂದೇ ಗೆರೆ ಎಳೆಯಿರಿ. ಹಳೇ ಪದ ಓದಲು ಬರಬೇಕು. ಸರಿಯಾದದ್ದನ್ನು ಮೇಲೆ ಬರೆಯಿರಿ. ಅಂಚಿನಲ್ಲಿ ಅದರ ಪಕ್ಕಕ್ಕೇ ಇಬ್ಬರೂ ಪೂರ್ತಿ ಸಹಿ ಹಾಕಿ, ತಾರೀಖು ಬರೆಯಿರಿ, ಇಬ್ಬರ ವಕೀಲರ ಸಹಿಯನ್ನೂ ಹಾಕಿಸಿ. ಪತ್ರದ ಕೊನೆಯಲ್ಲಿ "3ನೇ ಪುಟ, 7ನೇ ಸಾಲಿನಲ್ಲಿ ಇಂಥ ಪದ ಹೊಡೆದು ಇಂಥ ಪದ ಬರೆದಿದೆ" ಅಂತ ಒಂದು ಷರಾ ಇರಲಿ. ಇಷ್ಟನ್ನೂ ಎಲ್ಲ ಪ್ರತಿಗಳಲ್ಲಿ ಮಾಡಬೇಕು. ಕೋರ್ಟಿನ ಪ್ರತಿಯಲ್ಲಿ ತಿದ್ದಿ, ನಿಮ್ಮ ಪ್ರತಿಯಲ್ಲಿ ಬಿಟ್ಟರೆ ಮುಂದೆ ಎರಡು ಕಥೆ ಆಗುತ್ತದೆ.

ವೈಟ್ನರ್ ಮುಟ್ಟಲೇಬೇಡಿ. ಅದರ ಕೆಳಗೆ ಏನಿತ್ತು ಅನ್ನುವ ಅನುಮಾನ ಎಂದೂ ಹೋಗುವುದಿಲ್ಲ. ಶಾಖಕ್ಕೆ ಅಳಿಸುವ ಇಂಕಿನ ಪೆನ್ನುಗಳೂ ಅಂಗಡಿಯಲ್ಲಿ ಸಿಗುತ್ತವೆ. ಅದಕ್ಕೇ ಸಹಿಗೆ ನಿಮ್ಮದೇ ನೀಲಿ ಬಾಲ್ ಪೆನ್ ತಗೊಂಡು ಹೋಗಿ. ಜೆಲ್ ಪೆನ್ ಬೇಡ, ಒಂದು ಹನಿ ನೀರು ಬಿದ್ದರೆ ಹರಡುತ್ತದೆ. "ಸರ್ವೆ ನಂಬರ್ ಆಮೇಲೆ ತುಂಬುತ್ತೇವೆ" ಅಂತ ಬಿಟ್ಟ ಖಾಲಿ ಜಾಗ ಇದ್ದರೆ ಸಹಿ ಬೇಡ. ಬರೀ ಸ್ಟ್ಯಾಂಪ್ ಪೇಪರಿಗಂತೂ ಸ್ವಂತ ತಮ್ಮ ಕೇಳಿದರೂ ಸಹಿ ಹಾಕಬೇಡಿ.

ಸಬ್ ರಿಜಿಸ್ಟ್ರಾರ್ ಕೂಡ ಇದನ್ನೇ ನೋಡುತ್ತಾರೆ. ಸಾಲುಗಳ ನಡುವೆ ಸೇರಿಸಿದ್ದು, ಅಳಿಸಿದ್ದು, ಖಾಲಿ ಬಿಟ್ಟದ್ದು ಇದ್ದು ಪಕ್ಕದಲ್ಲಿ ಬರೆದುಕೊಟ್ಟವರ ಸಹಿ ಇಲ್ಲದಿದ್ದರೆ, ಆ ಪತ್ರ ಬೇಡ ಅನ್ನಲು 1908ರ ನೋಂದಣಿ ಕಾಯ್ದೆಯ 20ನೇ ಕಲಂ ಅವರಿಗೆ ಅಧಿಕಾರ ಕೊಟ್ಟಿದೆ.

ಸಹಿ ಆದ ಕೂಡಲೇ, ಅಲ್ಲೇ ನಿಂತು, ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಅಂಚು, ಪುಟ ಸಂಖ್ಯೆ ಎಲ್ಲ ಕಾಣಬೇಕು. ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಪತ್ರ ಇಂಗ್ಲಿಷಿನಲ್ಲಿದ್ದು ನಿಮಗೆ ಬಾರದಿದ್ದರೆ ಕನ್ನಡದಲ್ಲಿ ಮಾಡಿಸಿ. ಆಗುವುದಿಲ್ಲ ಅಂದರೆ ಕನ್ನಡದಲ್ಲಿ ಓದಿ ಹೇಳಲಾಗಿದೆ ಅಂತ ಷರಾ ಬರೆಸಿ, ನಿಜವಾಗಿ ಓದಿಸಿಕೊಂಡ ಮೇಲೆ ಮಾತ್ರ. ವಕೀಲರಿಗೆ ದುಡ್ಡಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100.

ಹಂತ 5: ಕೋರ್ಟಿಗೆ ಕೊಟ್ಟ ಮೇಲೆ ತಿದ್ದಬೇಕಾದರೆ

ಫೈಲು ಕೋರ್ಟಿನದ್ದಾದ ಮೇಲೆ ಅದರಲ್ಲಿ ಒಂದು ಅಕ್ಷರ ಬರೆಯುವ ಹಕ್ಕೂ ನಿಮಗಿಲ್ಲ, ವಕೀಲರಿಗೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರ ಪ್ರಕಾರ ತಿದ್ದುಪಡಿಗೆ ಅರ್ಜಿ ಹಾಕಬೇಕು. ಕೋರ್ಟ್ ಒಪ್ಪಿದರೆ ಹೇಳಿದ ಅವಧಿಯಲ್ಲಿ ತಿದ್ದಬೇಕು. ಅವಧಿ ಹೇಳಿರದಿದ್ದರೆ 14 ದಿನ.

ಸಹಿ ಇಲ್ಲದ ಬದಲಾವಣೆ ಕಣ್ಣಿಗೆ ಬಿದ್ದರೆ ಎರಡನೇ ಸಲ ಒಪ್ಪಿಗೆ ಹೇಳುವ ದಿನ ನ್ಯಾಯಾಧೀಶರ ಮುಂದೆಯೇ ಹೇಳಿ. ಒಪ್ಪಿಗೆ ನಿಜವೇ ಅಂತ ನೋಡಲು ಇಬ್ಬರನ್ನೂ ಕೇಳುವುದೇ ಅದಕ್ಕೆ. ಡಿಕ್ರಿ ಆಗುವ ತನಕ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹೆದರಿ ತಲೆಯಾಡಿಸಬೇಡಿ.

ಡಿಕ್ರಿ ಆದ ಮೇಲೆ ಕೈತಪ್ಪಿನ ದೋಷವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಪ್ರಕಾರ ಸರಿ ಮಾಡಿಸಬಹುದು. ಹೆಸರಿನ ಕಾಗುಣಿತ, ಸರ್ವೆ ನಂಬರಿನ ಅಂಕಿ, ಇಂಥದ್ದು. ಸಾಲ ಯಾರು ಕಟ್ಟಬೇಕು ಅನ್ನುವ ಷರತ್ತು ಅದರಡಿ ಬದಲಾಗುವುದಿಲ್ಲ. ರಾಜಿಯೇ ಮೋಸ ಅನ್ನುವುದಾದರೆ ಡಿಕ್ರಿ ಕೊಟ್ಟ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು, ಬೇರೆ ದಾವೆ ಹೂಡಲು ಆಗುವುದಿಲ್ಲ. ಸಹಿ ಆದ ಪತ್ರವನ್ನು ಮೋಸದಿಂದ ತಿದ್ದುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಪೊಲೀಸ್ ದೂರಿಗೆ ಆಗ ತೆಗೆದ ಫೋಟೊಗಳೇ ನಿಮ್ಮ ಬಲ.

ಹಂತ 6: ಡಿಕ್ರಿ ನಂತರ

ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ, ಬಂದ ಮೇಲೆ ನಿಮ್ಮ ಫೋಟೊಗಳ ಜೊತೆ ಹೋಲಿಸಿ.

ರಾಜಿಯ ಡಿಕ್ರಿಯಲ್ಲಿ ಕೇಸಿನ ವಿಷಯವಲ್ಲದ ಸ್ಥಿರಾಸ್ತಿ ಸೇರಿದ್ದರೆ ಅದನ್ನು ನೋಂದಣಿ ಮಾಡಿಸಬೇಕು, ಅದಕ್ಕೆ ನಾಲ್ಕು ತಿಂಗಳು ಕಾಲಾವಕಾಶ. "ಕೋರ್ಟ್ ಆರ್ಡರ್ ಇದೆಯಲ್ಲ, ಸಾಕು" ಅಂತ ಸುಮ್ನೆ ಕೂತವರ ಖಾತೆ ಬದಲಾಗದೆ ನಿಂತಿರುವುದನ್ನು ನೋಡಿದ್ದೇನೆ. ದಾನಪತ್ರದ ಮೂಲಕ ಕೊಡುವುದಾದರೆ ಡಿಕ್ರಿಗೆ ಮುಂಚೆಯೇ ಮಾಡುವ ಬಗ್ಗೆ ವಕೀಲರನ್ನು ಕೇಳಿ. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಇರುವ ಸ್ಟ್ಯಾಂಪ್ ಶುಲ್ಕದ ರಿಯಾಯಿತಿ ಆ ಸಂಬಂಧ ಇರುವ ತನಕ ಮಾತ್ರ.

ಸಾಲ ಪೂರ್ತಿ ತೀರಿದ ಮೇಲೆ ಬ್ಯಾಂಕ್ 30 ದಿನದೊಳಗೆ ಅಸಲು ಪತ್ರ ವಾಪಸ್ ಕೊಟ್ಟು, ನೋಂದಣಿಯಾದ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬರೀ ನೋ ಡ್ಯೂ ಪತ್ರ ತಗೊಂಡು ಬರಬೇಡಿ. ಅಸಲು ಯಾರ ಕೈಗೆ ಕೊಡಬೇಕು ಅನ್ನುವುದನ್ನು ರಾಜಿ ಪತ್ರದಲ್ಲೇ ಬರೆಸಿದ್ದರೆ ಅದರ ನಕಲನ್ನು ಮೊದಲೇ ಶಾಖೆಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ತಿಂಗಳ ನಂತರ ಹೊಸ ಇಸಿ, ಹೊಸ ಪಹಣಿ ತೆಗೆಸಿ. 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಋಣಮುಕ್ತ ಪತ್ರದ ಜೊತೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಅರ್ಜಿ ಕೊಟ್ಟು, ಸ್ವೀಕೃತಿ ಇಸಿದುಕೊಳ್ಳಿ.